ಆರರಲ್ಲೊಂದರ ಎಂಜಿನ್, ಅರ್ಧದ ಬೋಗಿ

ಹೊಳಲ್ಕೆರೆಯ ಪಾರ್ಕಿನಲ್ಲಿ ಓಡಬೇಕಾದ ಪುಟ್ಟ ಉಗಿಬಂಡಿಯ ಅಳತೆಯನ್ನು ಆಂಜನೇಯಸ್ವಾಮಿಯ ಅಪ್ಪಣೆಯಿಲ್ಲದೆ ನಿಗದಿಪಡಿಸತಕ್ಕದ್ದಲ್ಲವೆಂದು ನಮ್ಮ ಕಿರುರೈಲು ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿತು.

ತಕರಾರು ಬರುವಂಥದ್ದೇನೂ ಇರಲಿಲ್ಲ. ನಮ್ಮ ಬಂಡಿಗೆ ಮಾದರಿಯಾದ ಹಿಂದಿನ ಕಾಲದ ರೈಲಿನ ಕಿರುಹಳಿಯ ಅಗಲ ಎರಡೂವರೆ ಅಡಿ. ಪಾರ್ಕಿನಲ್ಲಿ ಆಗಲೇ ಹಾಕಿದ್ದ ಹಳಿ ಐದು ಇಂಚು. ಅಂದಮೇಲೆ ಬಂಡಿಯೂ ಆರರಲ್ಲೊಂದು ಪಾಲು. ಲೇತ್ ಅಂಗಡಿಯ ಸುಮಿತ್ರಾ ಆ ಲೆಕ್ಕಕ್ಕೇ ನಿಜವಾದ ಬೆಂಕಿ, ನಿಜವಾದ ಉಗಿಯ ಎಂಜಿನ್ ಕಟ್ಟಿ ಮುಗಿಸಿದ್ದಳು. ಅದು ಬೋಗಿ ಎಳೆದುಕೊಂಡು ಓಡುವುದನ್ನು ಕಣ್ಣಾರೆ ನೋಡಬೇಕೆಂಬುದೊಂದೇ ಅವಳ ಆಸೆ.

ಅಧ್ಯಕ್ಷ ಓಬಳೇಶಪ್ಪನವರು ಅದೇ ಅಳತೆಯ ಬೋಗಿಯಲ್ಲಿ ಕುಳಿತು ನೋಡಿದರು. ಎದ್ದಾಗ ಬೋಗಿಯೂ ಅವರ ಜೊತೆಗೇ ಎದ್ದಿತು.

"ಅರ್ಧ ಅಳತೇಗೆ ಮಾಡವ್ವ," ಎಂದರು.

"ಅರ್ಧದ್ದು ಈ ಹಳಿ ಮೇಲೆ ನಿಲ್ಲಲ್ಲ ಸಾರ್. ಮಗ್ಗಲಿಗೆ ಬೀಳ್ತೈತೆ."

"ಬೀಳೋದು ಬಿಡೋದು ಸ್ವಾಮಿ ಕೈಲೈತೆ. ಹೂ ಕೇಳಾಣ ನಡೀರಿ."

ಮದುವೆ, ಕೊಳವೆಬಾವಿ, ಮನೆಪಾಯ, ಎಲ್ಲಕ್ಕೂ ನಮ್ಮಲ್ಲಿ ಹೂ ಕೇಳುವುದುಂಟು. ಸ್ವಾಮಿಯ ಎರಡೂ ಭುಜಕ್ಕೆ ಹೂವಿಟ್ಟು, ಬಲಗಡೆಯದು ಬಿದ್ದರೆ ಆರರಲ್ಲೊಂದು, ಎಡಗಡೆಯದು ಬಿದ್ದರೆ ಅರ್ಧ ಎಂದು ಬೇಡಿಕೊಂಡೆವು. ಬಹಳ ಹೊತ್ತು ಯಾವುದೂ ಅಲುಗಲಿಲ್ಲ. ಅಧ್ಯಕ್ಷರು ಬೆವರಿದರು.

"ಏನಪ್ಪ ಪೂಜಾರಿ, ಫ್ಯಾನ್ ಹಾಕಬಾರ್ದಾ?"

ಫ್ಯಾನ್ ಹಾಕಲಾಯಿತು. ಎರಡೂ ಹೂ ಒಟ್ಟಿಗೆ ಬಿದ್ದವು.

ಸ್ವಾಮಿಯ ಒಂದಪ್ಪಣೆ ಪಾಲಿಸಿ ಇನ್ನೊಂದನ್ನು ಮೀರುವ ಧೈರ್ಯ ಯಾರಿಗಿದೆ? ಎಂಜಿನ್ ಆರರಲ್ಲೊಂದು, ಅಧ್ಯಕ್ಷರ ಬೋಗಿ ಅರ್ಧ ಎಂದು ಠರಾವಾಯಿತು.

ಉದ್ಘಾಟನೆಯ ದಿನ ಸುಮಿತ್ರಾ ಉಗಿ ಏರಿಸಿ ಸೀಟಿ ಊದಿದಳು. ಎಂಜಿನ್ ಜಗ್ಗಿತು. ಬೋಗಿ ಮಗ್ಗುಲಾಯಿತು. ಅಧ್ಯಕ್ಷರು ಕ್ರೋಟನ್ ಗಿಡಗಳ ನಡುವೆ ಕಾಣಿಸಿಕೊಂಡರು.

"ನಾನು ಆವತ್ತೇ ಹೇಳ್ಲಿಲ್ವಾ ಸಾರ್?"

"ಬೋಗಿದೇನೂ ತಪ್ಪಿಲ್ಲವ್ವ," ಎಂದರು ಮಣ್ಣು ಕೊಡವಿಕೊಳ್ಳುತ್ತ. "ಹಿಡ್ಕಳೋರು ಇರ್ಲಿಲ್ಲ, ಅಷ್ಟೇ."

ಕೂಡಲೇ ನಿಯಮ ಹೊರಟಿತು: 'ಬೋಗಿಯನ್ನು ಎರಡೂ ಪಕ್ಕದಲ್ಲಿ ಇಬ್ಬಿಬ್ಬರು ಸದಸ್ಯರು ಎತ್ತಿ ಹಿಡಿದು ನಡೆಯತಕ್ಕದ್ದು. ಎಂಜಿನ್ನು ಸದಸ್ಯರನ್ನು ಹಿಂದೆ ಹಾಕತಕ್ಕದ್ದಲ್ಲ.'

ಅಂದಿನಿಂದ ಪ್ರತಿ ಭಾನುವಾರ ನಾಲ್ವರು ಹೊರುತ್ತೇವೆ. ಎಡಗಡೆ ಮುಂದಿನ ಮೂಲೆ ನನ್ನದು. ಅಧ್ಯಕ್ಷರು ಒಳಗಿನಿಂದ ಕೈ ಬೀಸುತ್ತಾರೆ. ಎಂಜಿನ್ ಮುಂದೆ ಖಾಲಿ ಹೋಗುತ್ತದೆ. ನಾವು ದಣಿದು ನಿಂತಲ್ಲಿ ಸುಮಿತ್ರಾ ಉಗಿ ಬಿಟ್ಟು ಕಾಯುತ್ತಾಳೆ. ಮೊದಮೊದಲು ಮುಖ ಆ ಕಡೆ ತಿರುಗಿಸಿಕೊಂಡಿರುತ್ತಿದ್ದಳು.

ಮೊನ್ನೆ ಹೊಸದುರ್ಗದವರು ಬಂದಿದ್ದರು. ಅವರೂ ಒಂದು ಬಂಡಿ ಮಾಡಿಸಬೇಕಂತೆ.

"ಯಾವ ಅಳತೆ ಒಳ್ಳೇದು ತಾಯಿ?"

ಸುಮಿತ್ರಾ ನಮ್ಮ ನಾಲ್ವರನ್ನೂ ಮೇಲಿಂದ ಕೆಳಗೆ ನೋಡಿದಳು.

"ಐದೂವರೆ ಅಡಿ ಇರ್ಲಿ ಸಾರ್, ನಾಕೂ ಜನ ಒಂದೇ ಸಮ. ಒಬ್ಬ ಕುಳ್ಳಗಿದ್ರೂ ಬೋಗಿ ವಾಲ್ತೈತೆ."

ಅವರು ತಲೆಯಾಡಿಸಿ ಬರೆದುಕೊಂಡು ಹೋದರು.