ದೇಶದೇಶದ ಗೆರೆಗಳು, ನಮ್ಮ ಮನೆಯವರ ಒಂದು ರಕ್ತಪರೀಕ್ಷೆ

ಯಾವ ದೇಶದಲ್ಲಿ ಲಕ್ಷಕ್ಕೆ ಎಷ್ಟು ಗಂಡಸರು ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸಾಯ್ತಾರೆ, ಆ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರ್ತಿದೆಯೋ ಇಳೀತಿದೆಯೋ ಅಂತ ಗ್ರಾಫ್ ಹಾಕೋದು ನನ್ನ ಕೆಲಸ. ಆಫೀಸು ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ. ಈ ಕೆಲಸಕ್ಕೆ ಸೇರಿದಾಗಿನಿಂದ ಗಂಡಸರ ಸಹವಾಸ ಸಾಕುಸಾಕಾಗಿದೆ. ಅವರದ್ದು ಒಂದಲ್ಲ ಒಂದು ಎಡವಟ್ಟು ಇದ್ದೇ ಇರುತ್ತೆ.

ಕೆಳಗಾ?

ಗ್ರಾಫ್ ನೋಡಿ ನಮ್ಮ ಸಾಹೇಬರು ಮುಖ ಸಿಂಡರಿಸಿದರು. "ನಮ್ಮ ದೇಶ ಇಷ್ಟು ಕೆಳಗಾ ಮೇಡಂ? ಸ್ವಲ್ಪ ಮೇಲೆ ತರೋಕಾಗಲ್ವಾ?"

"ಸರ್, ಮೇಲೆ ಹೋದಷ್ಟೂ ಸಾವು ಹೆಚ್ಚು ಅಂತ ಅರ್ಥ."

ಯೋಚಿಸಿದರು. "ಹಾಗಾದ್ರೆ ಕೆಳಗೇ ಇರಲಿ. ಗೆರೆ ಮಾತ್ರ ದಪ್ಪ ಮಾಡಿ."

ಇನ್ನೂ ಇಳೀಲಿ

ಮನೇಲೂ ಇದೇ ಗೋಳು. ನಮ್ಮ ಮಾವ ಹೋಗಿದ್ದು ಇದೇ ಕಾಯಿಲೆಯಲ್ಲಿ. ಗೊತ್ತಾಗೋ ಹೊತ್ತಿಗೆ ಕೈಮೀರಿತ್ತು. ಅವರ ಮಗ, ಅಂದರೆ ನಮ್ಮ ಮನೆಯವರಿಗೆ, ಈಗ ಐವತ್ತೈದು. ಒಂದು ರಕ್ತಪರೀಕ್ಷೆ ಮಾಡಿಸ್ಕೊಳ್ಳಿ ಅಂತ ಎರಡು ವರ್ಷದಿಂದ ಬಾಯಿ ಬಡ್ಕೊಳ್ತಿದ್ದೆ. ಭಯವೆಲ್ಲ ನನಗೆ, ನೆಮ್ಮದಿಯೆಲ್ಲ ಅವರಿಗೆ. ಗ್ರಾಫ್ ತೋರಿಸಿದರೆ, "ಎಷ್ಟೋ ದೇಶದಲ್ಲಿ ಸಾವು ಇಳೀತಿದೆಯಲ್ಲೇ!" ಅಂದರು.

"ಅಲ್ಲಿ ಬೇಗ ಪತ್ತೆ ಹಚ್ಚಿ ಚಿಕಿತ್ಸೆ ಮಾಡಿಸ್ಕೋತಾರೆ ರೀ, ಅದಕ್ಕೆ!"

"ಪಾಪ, ಕಷ್ಟಪಡ್ತಿದ್ದಾರೆ. ಇನ್ನೂ ಸ್ವಲ್ಪ ಇಳಿಸಲಿ, ಆಮೇಲೆ ನೋಡೋಣ."

ಕಾಫಿ

ಕೊನೆಗೆ ಶನಿವಾರ ಹೋಗ್ತೀನಿ ಅಂದರು. ಶನಿವಾರ ಬೆಳಿಗ್ಗೆ, "ಅಯ್ಯೋ, ಕಾಫಿ ಕುಡಿದುಬಿಟ್ಟೆ ಕಣೇ!" ನಾಲ್ಕು ಶನಿವಾರ ಇದೇ ಕಾಫಿ. ಈ ಪರೀಕ್ಷೆಗೆ ಉಪವಾಸ ಬೇಕಿಲ್ಲ ಅಂತ ಕಿರುಚಿದೆ. ಐದನೇ ಶನಿವಾರ ಮಹಾರಾಯರು ಉಪವಾಸ! "ಹೊಟ್ಟೇಲಿ ಏನೂ ಇಲ್ಲ, ತಲೆ ಸುತ್ತುತ್ತಿದೆ. ರಕ್ತ ಹೇಗೆ ಕೊಡಲಿ?"

ಮೈಕು

ಆಮೇಲೆ ನಮ್ಮ ಬೀದಿಯ ದುರ್ಗಾಪೂಜಾ ಸಮಿತಿ ಗಂಡಸರಿಗೆ ಇದೇ ರಕ್ತಪರೀಕ್ಷೆ ಉಚಿತವಾಗಿ ಇಟ್ಟಿತು. ಸಾಲು ನಿಲ್ಲಿಸೋ ಉಸ್ತುವಾರಿ ಯಾರದ್ದು? ನಮ್ಮ ಮನೆಯವರದ್ದೇ! "ಹೆದರಬೇಡಿ ದಾದಾ, ಇರುವೆ ಕಚ್ಚಿದಷ್ಟೇ" ಅಂತ ಊರಿಗೆಲ್ಲ ಧೈರ್ಯ ಹೇಳಿದ್ದೇ ಹೇಳಿದ್ದು. (ಇಲ್ಲಿ ಅಣ್ಣನಿಗೆ ದಾದಾ, ಅತ್ತಿಗೆಗೆ ಬೌದಿ ಅಂತಾರೆ.) ತಾವು ಮಾತ್ರ ಸಾಲಿನ ಹೊರಗೆ. ನನಗೆ ಮೈಯೆಲ್ಲ ಉರಿದು, ಹೋಗಿ ಕಾರ್ಯದರ್ಶಿಯ ಕಿವಿಯಲ್ಲಿ ಊದಿದೆ. ತಕ್ಷಣ ಮೈಕು ಕೂಗಿತು: "ಸಾಲು ನೋಡ್ಕೊಳ್ತಿರೋ ದಾದಾ ಇನ್ನೂ ರಕ್ತ ಕೊಟ್ಟಿಲ್ಲ! ಅವರ ಹೆಂಡತಿ, ನಮ್ಮ ಬೌದಿ, ಎರಡು ವರ್ಷದಿಂದ ಕಾಯ್ತಿದ್ದಾರೆ!"

ಇಡೀ ಬೀದಿ ತಿರುಗಿ ನೋಡಿತು. ಇವರು ತಲೆ ತಗ್ಗಿಸಿಕೊಂಡು ಒಳಗೆ ಹೋಗಿ ರಕ್ತ ಕೊಟ್ಟರು.

ರಿಪೋರ್ಟು ಬಂತು, ಏನೂ ತೊಂದರೆಯಿಲ್ಲ. ನಾನು ಅತ್ತೇಬಿಟ್ಟೆ. ಅವರು ಎದೆಯುಬ್ಬಿಸಿ, "ಇನ್ನೇನು, ನಿನ್ನ ಗ್ರಾಫಿನಲ್ಲಿ ನನ್ನನ್ನೂ ಸೇರಿಸು" ಅಂದರು.

"ರೀ, ಅದು ಸತ್ತವರ ಲೆಕ್ಕ! ನೀವು ಅದಕ್ಕೆ ಸೇರಬಾರದು ಅಂತಲೇ ನಾನು ಇಷ್ಟು ದಿನ ಒದ್ದಾಡಿದ್ದು!"

ಅವರು ಅಂದರು: "ಹಾಗಂತ ಮೊದಲೇ ಹೇಳೋದಲ್ವೇನೇ?"