ಉಪಚಾರದ ಗುಂಡಿ

“ನೋಡ್ರಿ ಅಕ್ಕಾರೆ, ಇನ್ಮ್ಯಾಲೆ ನಮ್ಮ ಸೆಪ್ಟಿಕ್ ಟ್ಯಾಂಕು ಮಾತಾಡತೈತಿ!”

ಪಕ್ಕದ ಮನೆಯ ಫಾಲಾಕ್ಷಪ್ಪ ಹಿತ್ತಲಿನ ಚಪ್ಪಡಿಯ ಮೇಲೆ ನಿಂತು ಘೋಷಿಸಿದರು. ಕಾಲ ಬುಡದಲ್ಲಿ ಹಳೆಯ ಕುಕ್ಕರಿನಿಂದ ಮಾಡಿದ ಯಂತ್ರವೊಂದು ಗುಳುಗುಳು ಎನ್ನುತ್ತಿತ್ತು.

ಅವರ ಮಗಳು ವಚನಾಳ ನಿಶ್ಚಿತಾರ್ಥದ ದಿನ ಆ ಗುಂಡಿ ಉಕ್ಕಿ, ಬೀಗರು ಅರ್ಧ ಊಟಕ್ಕೇ ಎದ್ದಿದ್ದರು. “ಉಪಚಾರ ಸಾಲದು” ಎಂದು ಬೀಗಿತ್ತಿ ಚನ್ನವೀರಮ್ಮ ರಾಣೆಬೆನ್ನೂರಿಗೆಲ್ಲ ಹೇಳಿದ್ದರಂತೆ. ಈಗ ವಚನಾಳ ಸೀಮಂತ. ಇನ್ನೊಮ್ಮೆ ಮರ್ಯಾದೆ ಹೋದರೆ ಮಗಳು ಅತ್ತೆಮನೆಯಲ್ಲಿ ತಲೆಯೆತ್ತುವುದು ಹೇಗೆ?

“ಕೊಳೆ ತಿನ್ನೋ ಸೂಕ್ಷ್ಮಜೀವಿ ಸಾಕೀನಿ. ನಿಮ್ಮನಿ ಮೊಸರಿನ ಹೆಪ್ಪು ಇಸ್ಕೊಂಡಿದ್ನಲ್ಲ, ಅದರ ಸಂತಾನ. ಹಸಿವು ಮಾತ್ರ ನೂರು ಪಟ್ಟು. ಅವಕ್ಕೆ ತೃಪ್ತಿ ಆಗೋತನಕ ಈ ಯಂತ್ರ ಕಕ್ಕಸಿನ ಬಾಗಿಲು ತೆಗಿಯಂಗಿಲ್ಲ. ಅರ್ಧಂಬರ್ಧ ನೀರು ಹಾಕಿ ಓಡಿ ಬರೋರಿಗೆ ಇದೇ ಮದ್ದು.”

“ಮಾತಾಡೋ ದನಿ ಯಾರದು?” ಎಂದೆ ನಾನು.

“ನಮ್ಮಾಕಿದು. ಊಟಕ್ಕೆ ಬಡಿಸೋವಾಗ ರೆಕಾರ್ಡ್ ಮಾಡ್ಕೊಂಡೆ. ಬೀಗರ ಜೊತಿ ನಯವಾಗಿ ಮಾತಾಡಬೇಕಲ್ಲ?”

“ನನ್ನ ದನಿ ಅಲ್ಲಿ ಇಟ್ರಾ?” ಹೆಂಡತಿ ದಾಕ್ಷಾಯಣಿ ಸೌಟು ಎತ್ತಿದರು. “ಮದುವ್ಯಾದಾಗಿಂದ ನನ್ನ ಮಾತು ಕೇಳಿದ್ದು ಇದೇ ಮೊದಲು. ಅದೂ ಗುಂಡಿಗೋಸ್ಕರ!”

ಸೀಮಂತದ ದಿನ ಗುಂಡಿ ಉಕ್ಕಲಿಲ್ಲ. ನನ್ನ ಹೆಪ್ಪಿನ ಸಂತಾನ ಬೆಳಗಾಗುವುದರೊಳಗೆ ಅದನ್ನು ನೆಕ್ಕಿ ಬರಿದು ಮಾಡಿತ್ತು. ಊಟದ ನಂತರ ಚನ್ನವೀರಮ್ಮ ಕಕ್ಕಸಿಗೆ ಹೋದರು. ನೀರಿನ ಸದ್ದಾಯಿತು. ಬಾಗಿಲು ಮಾತ್ರ ತೆರೆಯಲಿಲ್ಲ.

“ಅಯ್ಯ, ಇಷ್ಟೇನಾ? ಸಂಕೋಚ ಮಾಡ್ಕೋಬ್ಯಾಡ್ರಿ,” ಎಂದಿತು ಯಂತ್ರ.

“ಸಾಕ್ರವ್ವ,” ಎಂದರು ಬೀಗಿತ್ತಿ.

“ಇನ್ನೊಂದು ಸ್ವಲ್ಪ. ನನ್ನ ಮ್ಯಾಲೆ ಆಣೆ.”

“ಇದ್ದದ್ದೆಲ್ಲಾ ಕೊಟ್ಟೀನಿ ತಾಯಿ.”

“ಹಂಗ ಎದ್ದು ಹೋದ್ರೆ ನಮಗೆ ಬೇಜಾರು.”

ಫಾಲಾಕ್ಷಪ್ಪ ಓಡಿಬಂದು ಸ್ಪ್ಯಾನರಿನಿಂದ ಏನನ್ನೋ ತಿರುಗಿಸಿದರು. ಹಸಿವು ಇಮ್ಮಡಿಯಾಯಿತು! ಒಳಗೆ ಸಾಬೂನು ಹೋಯಿತು, ಚೊಂಬು ಹೋಯಿತು, ಬೀಗಿತ್ತಿಯ ಸೆರಗಿಗೂ ಸೆಳೆತ ಹತ್ತಿತು. ನಾನು ಕಿಟಕಿಯ ಬಳಿ ಹೋಗಿ ಧೈರ್ಯ ಹೇಳಹೊರಟೆ.

“ನನಗೇನಾಗೈತಿ? ವಚನಾಗೆ ಮಾತ್ರ ಹೇಳಬ್ಯಾಡ್ರಿ. ಹಸಿಮಣಿ ಮ್ಯಾಲೆ ಕುಂತಾಳ, ಬಸುರಿ ಹುಡುಗಿ ಅಂಜ್ತಾಳ,” ಎಂದರು ಅವರು ಮೆಲುದನಿಯಲ್ಲಿ. ಎರಡೂ ಕೈಯಲ್ಲಿ ಸೆರಗು ಹಿಡಿದುಕೊಂಡು ಹೇಳಿದ ಮಾತದು.

ಅತಿಯಾಗಿ ಉಪಚಾರ ಮಾಡುವವರನ್ನು ಸುಮ್ಮನಾಗಿಸಲು ನನಗೆ ಗೊತ್ತಿರುವುದು ಒಂದೇ ದಾರಿ, ಅವರಿಗೇ ಮೊದಲು ಬಡಿಸುವುದು. ಪಂಕ್ತಿಯ ಎಂಜಲು, ಅಕ್ಕಿ ತೊಳೆದ ನೀರು ಎಲ್ಲ ಸೇರಿಸಿ ಎಮ್ಮೆಗೆಂದು ಇಟ್ಟಿದ್ದ ಕಲಗಚ್ಚಿನ ಡ್ರಮ್ಮನ್ನು ನಾನೂ ದಾಕ್ಷಾಯಣಿಯೂ ಉರುಳಿಸಿಕೊಂಡು ಬಂದು ಗುಂಡಿಯ ಬಾಯಿಗೆ ಬಗ್ಗಿಸಿದೆವು.

ಅಷ್ಟನ್ನೂ ಅದು ಗಟಗಟ ಕುಡಿಯಿತು. ಆಮೇಲೆ ಗುಂಡಿ ತೇಗಿತು. ಆ ರಭಸಕ್ಕೆ ಚಪ್ಪಡಿಯ ಮೇಲಿದ್ದ ಫಾಲಾಕ್ಷಪ್ಪ ಸ್ಪ್ಯಾನರ್ ಸಮೇತ ಹಾರಿ ನಮ್ಮ ಕಾಂಪೌಂಡಿನ ಗೋಡೆ ಏರಿ ಕುಳಿತರು. ಗಾಳಿಕೊಳವೆಯಿಂದ ಸಾಬೂನಿನ ಗುಳ್ಳೆಗಳು ಸಾಲುಸಾಲಾಗಿ ಹೊರಟು ಚಪ್ಪರವನ್ನೆಲ್ಲ ತುಂಬಿದವು. “ಅಪ್ಪಾಜಿ ಏನ್ ಚಂದ ಮಾಡಿಸ್ಯಾರ,” ಎಂದು ವಚನಾ ಚಪ್ಪಾಳೆ ತಟ್ಟಿದಳು.

“ತೃಪ್ತಿ ಆತು. ಎಲಿ ಅಡಿಕಿ ತಗೊಳ್ರಿ,” ಎಂದಿತು ಯಂತ್ರ. ಬಾಗಿಲು ತೆರೆಯಿತು.

ಚನ್ನವೀರಮ್ಮ ಸೆರಗು ಸರಿಮಾಡಿಕೊಂಡು ಹೊರಬಂದರು. ದಾಕ್ಷಾಯಣಿ ಕೈ ಒರೆಸಿಕೊಳ್ಳುತ್ತ ಎದುರಿಗೆ ಬಂದರು.

“ಉಪಚಾರ ಸಾಲದು ಅಂದಿದ್ನಲ್ಲ, ಆ ಮಾತು ವಾಪಸ್ ತಗೊಂಡೀನಿ,” ಎಂದು ಬೀಗಿತ್ತಿ ಅವರ ಕೈ ಹಿಡಿದುಕೊಂಡರು. “ತೊಟ್ಟಿಲ ಕಾರ್ಯ ಮಾತ್ರ ನಮ್ಮನ್ಯಾಗ ಇಟ್ಕೊಳ್ಳೋಣ.”