ಬಾಗಿಲ ಮೇಲಿನ ಸುಣ್ಣ

ಅಥವಾ ಅವತ್ತು ಅಮ್ಮ ಕೂತಿದ್ದು ಅಕ್ಕನ ಕಾರಿನಲ್ಲೇ ಇರಬಹುದು. ಇಷ್ಟು ದಿನ ನನ್ನ ಕಾರಿನಲ್ಲಿ ಎಂದೇ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಕತೆ ಇಷ್ಟು ನುಣುಪಾಗಿರುವುದೇ ಈಗ ಅನುಮಾನಕ್ಕೆ ಕಾರಣ. ಸೋಗಾನೆಯ ಹೊಸ ವಿಮಾನ ನಿಲ್ದಾಣದಲ್ಲಿ ವಿಮಾನ ಇಳಿಯುವುದನ್ನು ನೋಡಬೇಕೆಂದು ಅಮ್ಮ ಹಟ ಹಿಡಿದಿದ್ದಳು. ನವುಲೆಯಿಂದ ನಾನು, ಭದ್ರಾವತಿಯಿಂದ ಅಕ್ಕ, ಇಬ್ಬರೂ ಕಾರು ತಂದಿದ್ದೆವು. ಅಮ್ಮ ಒಂದರಲ್ಲಿ ಬಂದು ಇನ್ನೊಂದರಲ್ಲಿ ಹೋದಳು. ವಾಪಸ್ ಬರುವ ದಾರಿಯಲ್ಲಿ ಎಲೆಅಡಿಕೆ ಹಾಕಿಕೊಂಡು, ಬೆರಳಿನಲ್ಲಿ ಉಳಿದ ಸುಣ್ಣವನ್ನು ಮನೆಯ ಕಂಬಕ್ಕೆ ಒರೆಸುವ ಅಭ್ಯಾಸದಲ್ಲೇ ಕಾರಿನ ಬಾಗಿಲಿನ ಒಳಮೈಗೆ ಒರೆಸಿದಳು. ನಾನು "ಇದನ್ನೇನು ನಿನ್ನ ಪಡಸಾಲೆ ಅಂದ್ಕೊಂಡ್ಯಾ?" ಎಂದು ಬೈದೆ. ಆಮೇಲೆ ಮನೆ ಮುಟ್ಟುವ ತನಕ ಅವಳು ಮಾತಾಡಲಿಲ್ಲ. ಮರುವರ್ಷ ತೀರಿಕೊಂಡಳು.

ಕಾರಿನ ಚರಿತ್ರೆಯನ್ನೂ ಹೇಳಬೇಕು. ನನ್ನದು ಜಪಾನಿನದು. ಆ ಕಂಪನಿ ಫ್ರಾನ್ಸಿನ ಕಂಪನಿಯೊಂದರ ಜೊತೆ ನಂಟು ಬೆಳೆಸಿ, ಮದರಾಸಿನ ಹತ್ತಿರ ಒಂದೇ ಕಾರ್ಖಾನೆಯಲ್ಲಿ ಒಂದೇ ಕಾರಿಗೆ ಎರಡು ಮೂತಿ, ಎರಡು ಹೆಸರು ಇಟ್ಟು ಮಾರಿತು. ಜಪಾನಿನ ಮೂತಿ ನಾನು ಕೊಂಡೆ, ಫ್ರಾನ್ಸಿನ ಮೂತಿ ಭಾವ ಕೊಂಡರು, ಅಕ್ಕ ಓಡಿಸುವುದು ಅದನ್ನೇ. ವರ್ಷಗಟ್ಟಲೆ ನಾನೂ ಭಾವನೂ ಯಾರದ್ದು ಮೇಲು ಎಂದು ವಾದಿಸಿದೆವು. ಜನ ಎರಡನ್ನೂ ಕೊಳ್ಳಲಿಲ್ಲ. ಮೊದಲು ಅವರದ್ದರ ತಯಾರಿಕೆ ನಿಂತಿತು, ಆಮೇಲೆ ನನ್ನದರದ್ದು. ಈಗ ಬಿಡಿಭಾಗ ಸಿಗುವುದಿಲ್ಲ. ಎರಡಕ್ಕೂ ಔಷಧ ಕೊಡುವ ಮೆಕ್ಯಾನಿಕ್ ನಜೀರ್ ಭಾಯಿ ಮೊನ್ನೆ ನಮ್ಮನ್ನೆಲ್ಲ ಕೂರಿಸಿ ಹೇಳಿದರು: "ಒಂದನ್ನ ಬಿಚ್ಚಿ ಇನ್ನೊಂದನ್ನ ಬದುಕಿಸ್ಕೊಳ್ಳಿ ಸಾರ್. ಇಲ್ಲಾಂದ್ರೆ ಎರಡೂ ಹೋಗ್ತವೆ."

ನನ್ನದೇ ಉಳಿಯಬೇಕು ಎಂದೆ. ಅಮ್ಮನ ಸುಣ್ಣ ಇದೆಯಲ್ಲ.

"ಅದು ನಿನ್ನ ಕಾರಲ್ಲಿ ಆಗಿದ್ದಲ್ಲ ಕಣೋ," ಅಂದಳು ಅಕ್ಕ. "ನನ್ನ ಕಾರಲ್ಲಿ. ಬೈದಿದ್ದೂ ನಾನೇ."

"ಮತ್ತೆ ಸುಣ್ಣ ನನ್ನ ಬಾಗಿಲಲ್ಲಿ ಯಾಕಿದೆ?"

ನಜೀರ್ ಭಾಯಿ ಕೈ ಒರೆಸಿಕೊಂಡರು. "ವಿಮಾನ ನೋಡಿ ಬಂದ ಮೇಲಲ್ವಾ ಎರಡೂ ಪೇಂಟಿಗೆ ಬಿಟ್ಟಿದ್ದು? ಎರಡೂ ಬಿಳಿ. ಎಲ್ಲಾ ಬಾಗಿಲು ಬಿಚ್ಚಿ ಒಂದೇ ಗೋಡೆಗೆ ಒರಗಿಸಿದ್ದೆ ಸಾರ್. ಯಾವುದು ಎಲ್ಲಿಗೆ ಹಾಕಿದ್ರೂ ಕೂತ್ಕೊಂತು."

"ಮಾರಾಯಾ, ಇಷ್ಟು ವರ್ಷ ನಾನು ಬೈತಿದ್ದ ಕಾರಲ್ಲಿ ಅರ್ಧ ನಂದೇನಾ ಹಾಗಾದ್ರೆ?" ಎಂದರು ಭಾವ.

ಆಸ್ತಿ ಪಾಲಿನಲ್ಲಿ ಒಮ್ಮೆಯೂ ದನಿ ಎತ್ತರಿಸದ ನಾನೂ ಅಕ್ಕನೂ, ಅಮ್ಮನನ್ನು ಬೈದ ಪಾಪ ಯಾರದ್ದು ಎಂದು ಗ್ಯಾರೇಜಿನಲ್ಲಿ ಅರ್ಧ ಗಂಟೆ ಜಗಳವಾಡಿದೆವು. ಚಾಸಿ ನಂಬರು ನೋಡಿದರೆ ಯಾವ ಕಾರು ಯಾರದ್ದೆಂದು ತಿಳಿಯುತ್ತದೆ, ನಿಜ. ಆದರೆ ಅಮ್ಮ ಚಾಸಿಗೆ ಸುಣ್ಣ ಒರೆಸಿರಲಿಲ್ಲ. ಕೊನೆಗೆ ಎಂಜಿನ್ ಚೆನ್ನಾಗಿದ್ದ ಅಕ್ಕನ ಕಾರು ಉಳಿಯಿತು. ಸುಣ್ಣದ ಬಾಗಿಲನ್ನು ಅದಕ್ಕೆ ಹಾಕಿಸಿದೆವು. ಜಪಾನಿನವನಾಗಿದ್ದ ನಾನು ಬಸ್ಸಿನವನಾದೆ.

ಕಳೆದ ಭಾನುವಾರ ಭದ್ರಾವತಿಯಲ್ಲಿ ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಳ್ಳುತ್ತಾ ಆ ಬಾಗಿಲ ಪಕ್ಕ ಕೂತೆ. ಅಕ್ಕ ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೊರಟಿದ್ದಳು. ಬೆರಳಿನಲ್ಲಿ ಸುಣ್ಣ ಉಳಿದಿತ್ತು. ಬೇಕೆಂದೇ ಮಾಡಿದೆನೋ ಇಲ್ಲವೋ, ಅಮ್ಮನ ಗೆರೆಯ ಪಕ್ಕದಲ್ಲೇ ಒರೆಸಿದೆ.

ಅಕ್ಕ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು, "ಇದನ್ನೇನು ನಿನ್ನ ಪಡಸಾಲೆ ಅಂದ್ಕೊಂಡ್ಯಾ?"

ಆ ಮಾತು ನನ್ನದೆಂದು ಮೇಲೆ ಬರೆದಿದ್ದೇನೆ. ಅವಳು ನನ್ನಿಂದ ಕೇಳಿ ಕಲಿತಳೋ, ನಾನೇ ಅವಳದ್ದನ್ನು ಎತ್ತಿಕೊಂಡೆನೋ. ಬಸ್ ಸ್ಟ್ಯಾಂಡ್ ಬರುವ ತನಕ ನಾನು ಮಾತಾಡಲಿಲ್ಲ. ಅಮ್ಮನನ್ನು ಬೈದವರು ಯಾರೆಂದು ನನಗೆ ಗೊತ್ತಿಲ್ಲ.